ಹಡ್ಸನ್ ನದಿಯಲ್ಲಿ ದೋಣಿಯ ಬಿಡಾರ

ನೆಲದ ಮೇಲೆ ಪ್ರಯಾಣ ಮಾಡುವವನಿಗೆ ದಾರಿಯಲ್ಲಿ ಹೊತ್ತು ಮುಳುಗಿದರೆ ಅಷ್ಟೊಂದು ಭಯವಿಲ್ಲ. ಊರಿನ ಛತ್ರ ದೊರೆಯದಿದ್ದರೆ ಗುಡಿಯ ಜಗಲಿಯುಂಟು. ಅದೂ ಇಲ್ಲವಾದರೆ ಮರದ ಬುಡವಾದರೂ ಉಂಟು. ನೀರಿನ ಮೇಲೆ ಹೊರಟವನ ಸ್ಥಿತಿ ಬೇರೆ. ರಾತ್ರಿಯಾಯಿತೆಂದು ಹೊಳೆಯು ಹರಿಯುವುದನ್ನು ನಿಲ್ಲಿಸುವುದಿಲ್ಲ. ದೋಣಿಯನ್ನು ನಿಂತಲ್ಲಿ ಬಿಟ್ಟು ಮಲಗುವಂತೆಯೂ ಇಲ್ಲ. ನಮ್ಮ ಒಳನಾಡಿನವರಿಗೆ ಈ ಚಿಂತೆಯ ಪರಿಚಯ ಕಡಿಮೆ. ತುಂಗಭದ್ರೆಯಲ್ಲಿ ಹರಿಗೋಲು ಹತ್ತಿದವನಿಗೆ ಆಚೆಯ ದಡ ಮುಟ್ಟಿದೊಡನೆ ನೀರಿನ ಪ್ರಯಾಣ ಮುಗಿಯುತ್ತದೆ. ಆದರೆ ಒಂದು ದೊಡ್ಡ ಹೊಳೆಯ ಉದ್ದಕ್ಕೂ ಸಣ್ಣ ಮೋಟಾರು ದೋಣಿಯಲ್ಲಿ ನಾಲ್ಕಾರು ದಿವಸ ಹೋಗುವವನು ಬೆಳಿಗ್ಗೆ ಹೊರಡುವಾಗಲೇ ರಾತ್ರಿಯ ಬಿಡಾರವನ್ನು ಗೊತ್ತುಮಾಡಿಕೊಂಡಿರಬೇಕು. ಈ ಬಿಡಾರ ಹುಡುಕುವ ಕೆಲಸವೇ ಅಂತಹ ಪ್ರಯಾಣದ ಮುಖ್ಯವಾದ ಭಾಗವೆಂಬುದನ್ನು ನಾವು ಅಮೆರಿಕಾ ದೇಶದ ಹಡ್ಸನ್ ನದಿಯಲ್ಲಿ ಕಣ್ಣಾರೆ ಕಂಡೆವು. ಆ ಸಂಗತಿಯನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಆ ದೇಶದಲ್ಲಿ ದೋಣಿಗಳ ತಂಗುದಾಣಕ್ಕೆ ಮರೀನಾ ಎಂದು ಹೆಸರು. ಚೆನ್ನೈ ನಗರದ ಕಡಲ ದಂಡೆಗೂ ಈ ಹೆಸರೇ ಇರುವುದರಿಂದ ನಮ್ಮವರು ಮರೀನಾ ಎಂದೊಡನೆ ಮರಳನ್ನು ನೆನೆಯುತ್ತಾರೆ. ಅಲ್ಲಿಯದು ಮರಳಿನ ದಂಡೆಯಲ್ಲ, ದೋಣಿಗಳ ಛತ್ರ. ನೀರಿನೊಳಗೆ ಚಾಚಿದ ಹಲಗೆಯ ಕಟ್ಟೆಗಳು, ಕಟ್ಟೆಗಳ ನಡುವೆ ಒಂದೊಂದು ದೋಣಿ ನಿಲ್ಲುವಷ್ಟು ಎಡೆ, ಹಗ್ಗ ಸುತ್ತಲು ಕಬ್ಬಿಣದ ಗೂಟ, ಕುಡಿಯುವ ನೀರಿನ ನಲ್ಲಿ, ವಿದ್ಯುತ್ತಿನ ಕಂಬ, ಪೆಟ್ರೋಲ್ ತುಂಬುವ ಯಂತ್ರ, ಸ್ನಾನದ ಮನೆ—ಇಷ್ಟೂ ಕೂಡಿದರೆ ಒಂದು ಒಳ್ಳೆಯ ಮರೀನಾ. ಅಲ್ಲಿಯ ದೋಣಿಗಳಲ್ಲಿ ಬಹುಪಾಲು ವರ್ಷದ ಬಾಡಿಗೆ ಕೊಟ್ಟು ನಿಂತವು. ದಾರಿಹೋಕರಿಗೆಂದು ಬಿಟ್ಟಿರುವ ಜಾಗ ಮೂರೋ ನಾಲ್ಕೋ. ಅದಕ್ಕೆ ಬಾಡಿಗೆಯನ್ನು ದೋಣಿಯ ಉದ್ದದ ಮೇಲೆ, ಒಂದು ರಾತ್ರಿಗೆ ಅಡಿಯೊಂದಕ್ಕೆ ಇಷ್ಟೆಂದು ಎಣಿಸುತ್ತಾರೆ. ದೋಣಿ ಚಿಕ್ಕದಾದರೂ ಇಂತಿಷ್ಟು ಅಡಿಯ ಬಾಡಿಗೆಗೆ ಕಡಿಮೆಯಿಲ್ಲವೆಂಬ ನಿಯಮ ಕೆಲವು ಕಡೆ ಇರುವುದುಂಟು. ಆದುದರಿಂದ ಮೊದಲೇ ಕೇಳಿ ತಿಳಿಯುವುದು ಒಳ್ಳೆಯದು.

ಹಡ್ಸನ್ ನದಿಯು ಅಡಿರಾಂಡಾಕ್ ಬೆಟ್ಟಗಳಲ್ಲಿ ಹುಟ್ಟಿ, ಸುಮಾರು 315 ಮೈಲಿ ಹರಿದು, ನ್ಯೂಯಾರ್ಕ್ ನಗರದ ಬಳಿ ಸಮುದ್ರವನ್ನು ಸೇರುತ್ತದೆ. 1609ರಲ್ಲಿ ಡಚ್ಚರ ವ್ಯಾಪಾರ ಸಂಘದ ಪರವಾಗಿ ಬಂದ ಹೆನ್ರಿ ಹಡ್ಸನ್ನನ ಹೆಸರು ಇದಕ್ಕೆ ನಿಂತಿದೆ. ಆತನಿಗಿಂತ ಮೊದಲು ಅಲ್ಲಿದ್ದ ಮೂಲನಿವಾಸಿಗಳು ಇದನ್ನು ‘ಎರಡು ಕಡೆಗೂ ಹರಿಯುವ ಹೊಳೆ’ ಎಂಬ ಅರ್ಥದ ಹೆಸರಿನಿಂದ ಕರೆಯುತ್ತಿದ್ದರು. ಆ ಹೆಸರು ಕೇವಲ ಅಲಂಕಾರವಲ್ಲ. ಸಮುದ್ರದ ಭರತ ಇಳಿತಗಳು ಈ ಹೊಳೆಯಲ್ಲಿ 153 ಮೈಲಿ ಒಳಗೆ, ಟ್ರಾಯ್ ಎಂಬ ಊರಿನ ಅಣೆಕಟ್ಟಿನವರೆಗೂ ಏರುತ್ತವೆ. ಆರು ಗಂಟೆಯ ಕಾಲ ನೀರು ಉತ್ತರಕ್ಕೆ, ಮತ್ತೆ ಸುಮಾರು ಆರು ಗಂಟೆಯ ಕಾಲ ದಕ್ಷಿಣಕ್ಕೆ. ನೀರಿನ ಮಟ್ಟವು ದಿನಕ್ಕೆ ಎರಡು ಬಾರಿ ಏರಿ ಎರಡು ಬಾರಿ ಇಳಿಯುವುದು. ಏರಿಳಿತದ ಅಂತರ ಸ್ಥಳಕ್ಕೆ ತಕ್ಕಂತೆ ಮೂರರಿಂದ ಐದು ಅಡಿ. ನಮ್ಮ ಕರಾವಳಿಯ ಅಳಿವೆಗಳಲ್ಲಿ ದೋಣಿ ನಡೆಸುವವರಿಗೆ ಇದು ಹೊಸದಲ್ಲ. ಆದರೆ ಸಮುದ್ರದಿಂದ ನೂರೈವತ್ತು ಮೈಲಿ ದೂರದಲ್ಲಿ, ಸಿಹಿನೀರಿನ ಹೊಳೆಯೊಂದು ಹೀಗೆ ಉಸಿರಾಡುವುದನ್ನು ಕಂಡಾಗ ಅವರಿಗೂ ಆಶ್ಚರ್ಯವಾಗದಿರದು.

ನ್ಯೂಜರ್ಸಿ ಪ್ರಾಂತದಲ್ಲಿ ಉದ್ಯೋಗದಲ್ಲಿರುವ ನಮ್ಮ ಸೋದರಳಿಯನಿಗೆ 22 ಅಡಿ ಉದ್ದದ ಮೋಟಾರು ದೋಣಿಯೊಂದಿದೆ. ಮುಂದುಗಡೆ ಇಬ್ಬರು ಮಲಗುವಷ್ಟು ಒಂದು ಸಣ್ಣ ಗೂಡು. ಹಿಂದೆ ಎರಡು ಬೆಂಚುಗಳು, ಅವುಗಳ ಮೇಲೆ ಕಿತ್ತಾನಿನ ಮುಚ್ಚಿಗೆ. ಜುಲೈ ತಿಂಗಳಿನಲ್ಲಿ ಅವನಿಗೆ ಒಂದು ವಾರ ರಜೆ ದೊರೆಯಿತು. ಅವನು, ಒಂಬತ್ತು ವರ್ಷದ ಅವನ ಮಗಳು, ನಾವು ದಂಪತಿಗಳು—ಹೀಗೆ ನಾಲ್ವರು ಹ್ಯಾವರ್‌ಸ್ಟ್ರಾ ಎಂಬ ಊರಿನ ಬಳಿ ದೋಣಿಯನ್ನು ನೀರಿಗಿಳಿಸಿ, ಅಲ್ಲಿಂದ ಮೇಲಕ್ಕೆ ವಾಟರ್‌ಫರ್ಡ್ ಎಂಬಲ್ಲಿಯವರೆಗೆ, ಸುಮಾರು 120 ಮೈಲಿ ಹೋಗಿ ಹಿಂದಿರುಗುವುದೆಂದು ನಿಶ್ಚಯವಾಯಿತು. ಹನ್ನೆರಡು ವರ್ಷದೊಳಗಿನ ಮಕ್ಕಳು ಇಂತಹ ದೋಣಿಯಲ್ಲಿ ತೇಲುವ ಅಂಗಿಯನ್ನು ತೊಟ್ಟೇ ಇರಬೇಕೆಂಬುದು ಆ ಪ್ರಾಂತದ ಕಾನೂನು. ಹುಡುಗಿಯೊಬ್ಬಳಿಗೇ ಏಕೆಂದು ನಾವೆಲ್ಲರೂ ತೊಟ್ಟುಕೊಂಡೆವು.

ಹೊರಡುವ ಮುನ್ನಾ ದಿನ ಸೋದರಳಿಯನು ನದಿಯ ನಕ್ಷೆಯನ್ನು ಮೇಜಿನ ಮೇಲೆ ಹರಡಿ ಲೆಕ್ಕ ಹಾಕಿದನು. ದೋಣಿಯ ತೊಟ್ಟಿಯಲ್ಲಿ 50 ಗ್ಯಾಲನ್ ಪೆಟ್ರೋಲ್. ಗ್ಯಾಲನ್ನಿಗೆ ಸುಮಾರು ಮೂರು ಮೈಲಿ. ನೀರಿನವರ ರೂಢಿಯಂತೆ ಮೂರರಲ್ಲಿ ಒಂದು ಪಾಲು ಹೋಗುವುದಕ್ಕೆ, ಒಂದು ಪಾಲು ಬರುವುದಕ್ಕೆ, ಉಳಿದೊಂದು ಪಾಲು ಆಪತ್ತಿಗೆ. ಹಾಗೆ ನೋಡಿದರೆ ಎಲ್ಲಿಯೂ ತುಂಬಿಸದೆ ಹೋಗಬಹುದಾದ ದೂರ ಐವತ್ತು ಮೈಲಿ ಮಾತ್ರ. ಆದುದರಿಂದ ಪ್ರತಿ ರಾತ್ರಿಯ ತಂಗುದಾಣದಲ್ಲಾಗಲಿ, ಅದರ ಸಮೀಪದಲ್ಲಾಗಲಿ ಪೆಟ್ರೋಲ್ ಸಿಗಬೇಕು. ಆಳ, ಆಶ್ರಯ, ಪೆಟ್ರೋಲ್, ಹೊತ್ತು—ಈ ನಾಲ್ಕನ್ನೂ ತೂಗಿ ಅವನು ಪ್ರತಿ ರಾತ್ರಿಗೂ ಒಂದಲ್ಲ, ಮೂರು ಸ್ಥಳಗಳ ಹೆಸರನ್ನು ಟೆಲಿಫೋನ್ ಸಂಖ್ಯೆಗಳ ಸಮೇತ ಬರೆದಿಟ್ಟನು. “ಮೂರೇಕಪ್ಪಾ?” ಎಂದು ನಮ್ಮ ಮನೆಯವರು ಕೇಳಲು, “ಅತ್ತೆ, ಮೊದಲನೆಯದು ಆಸೆ, ಎರಡನೆಯದು ಅಂದಾಜು, ಮೂರನೆಯದು ನಂಬಿಕೆ” ಎಂದನು. ಆ ಮಾತಿನ ಬೆಲೆ ಮರುದಿನವೇ ತಿಳಿಯಿತು.

ಮಧ್ಯಾಹ್ನದ ಹೊತ್ತಿಗೆ ಹೊರಟೆವು. ಹ್ಯಾವರ್‌ಸ್ಟ್ರಾದ ಬಳಿ ಹೊಳೆಯು ಮೂರು ಮೈಲಿಗೂ ಹೆಚ್ಚು ಅಗಲವಾಗಿ ಕೊಲ್ಲಿಯಂತೆ ಕಾಣುತ್ತದೆ. ಸ್ವಲ್ಪ ದೂರ ಹೋಗುವುದರೊಳಗೆ ಬೆಟ್ಟಗಳು ಎರಡು ಕಡೆಯಿಂದಲೂ ಒತ್ತಿಕೊಂಡು ಬಂದು ಹೊಳೆಯನ್ನು ಇಕ್ಕಟ್ಟಾಗಿಸುತ್ತವೆ. ವೆಸ್ಟ್ ಪಾಯಿಂಟ್ ಎಂಬಲ್ಲಿ, 1802ರಲ್ಲಿ ಸ್ಥಾಪಿತವಾದ ಸೈನ್ಯದ ಪಾಠಶಾಲೆಯ ಕಲ್ಲಿನ ಕಟ್ಟಡಗಳ ಕೆಳಗೆ, ಹೊಳೆ ಚೂಪಾಗಿ ತಿರುಗುವುದು. ಅಲ್ಲಿ ನೀರಿನ ಆಳ ಸುಮಾರು 200 ಅಡಿ. ಆ ಮಡುವಿಗೆ ‘ಲೋಕದ ಕೊನೆ’ ಎಂದೇ ಹೆಸರು. ಆಂಗ್ಲರ ಹಡಗುಗಳು ಮೇಲೇರದಂತೆ 1778ರಲ್ಲಿ ಅಮೆರಿಕದವರು ಈ ಇಕ್ಕಟ್ಟಿನಲ್ಲಿ ದಡದಿಂದ ದಡಕ್ಕೆ ಕಬ್ಬಿಣದ ದೊಡ್ಡ ಸರಪಳಿಯನ್ನು ಹಾಯಿಸಿದ್ದರು. ಇದನ್ನು ಕೇಳಿದ ಹುಡುಗಿಯು, “ತಾತ, ಈಗಲೂ ಸರಪಳಿ ಇದ್ದರೆ ನಮ್ಮ ದೋಣಿ ಏನಾಗುತ್ತಿತ್ತು?” ಎಂದು ಬಗ್ಗಿ ನೀರನ್ನು ನೋಡತೊಡಗಿದಳು.

ಬೆಟ್ಟಗಳ ಬಾಗಿಲನ್ನು ದಾಟಿದೊಡನೆ ಪೂರ್ವದ ದಡದ ಬಳಿ ಪೋಲಪೆಲ್ ಎಂಬ ಸಣ್ಣ ದ್ವೀಪವಿದೆ. ಅದರ ಮೇಲೆ ಹಾಳುಬಿದ್ದ ಕೋಟೆಯಂತಹ ಕಟ್ಟಡ. ಬ್ಯಾನರ್‌ಮನ್ ಎಂಬ ಆಯುಧ ವ್ಯಾಪಾರಿಯು 1900ರ ಸುಮಾರಿನಲ್ಲಿ ದ್ವೀಪವನ್ನು ಕೊಂಡು, ಯುದ್ಧದಲ್ಲಿ ಉಳಿದ ಮದ್ದುಗುಂಡುಗಳನ್ನು ಶೇಖರಿಸಲು ಇದನ್ನು ಕಟ್ಟಿಸಿದನಂತೆ. 1920ರಲ್ಲಿ ಮದ್ದಿನ ಮನೆ ಸಿಡಿದು ಒಂದು ಭಾಗ ಬಿದ್ದಿತು. 1969ರಲ್ಲಿ ಬೆಂಕಿ ಉಳಿದುದನ್ನು ತಿಂದಿತು. ದೂರದಿಂದ ನೋಡಿದರೆ ದೋಣಿ ಕಟ್ಟಿ ರಾತ್ರಿ ಕಳೆಯಲು ಇದಕ್ಕಿಂತ ರಮ್ಯವಾದ ಸ್ಥಳವಿಲ್ಲವೆನಿಸುತ್ತದೆ. ನಕ್ಷೆಯನ್ನು ನೋಡಿದರೆ ತಿಳಿಯುವುದು ಬೇರೆ: ಸುತ್ತಲೂ ಆಳ ಕಡಿಮೆ, ನೀರಿನ ಅಡಿಯಲ್ಲಿ ಹಳೆಯ ಅಲೆಗೋಡೆಗಳ ಕಲ್ಲುಗಳು. ಹೊಳೆಯಲ್ಲಿ ಕಣ್ಣಿಗೆ ಚೆಂದವಾದ ಸ್ಥಳವೂ ದೋಣಿಗೆ ಕ್ಷೇಮವಾದ ಸ್ಥಳವೂ ಒಂದೇ ಆಗಿರುವುದು ಅಪರೂಪ. ನಾವು ದೂರದಿಂದಲೇ ನೋಡಿ, ದೋಣಿಯನ್ನು ನಿಧಾನವಾಗಿ ನಡೆಸುತ್ತ ಮೊಸರನ್ನ ಉಪ್ಪಿನಕಾಯಿ ಮುಗಿಸಿ ಮುಂದೆ ಹೋದೆವು.

ಸಾಯಂಕಾಲ ಐದೂವರೆಯ ಹೊತ್ತಿಗೆ ಮೊದಲ ರಾತ್ರಿಗೆಂದು ಗೊತ್ತುಮಾಡಿದ್ದ ಮರೀನಾ ಕಾಣಿಸಿತು. ಎರಡು ದಿನಗಳ ಹಿಂದೆಯೇ ಟೆಲಿಫೋನಿನಲ್ಲಿ ಮಾತನಾಡಿ ಜಾಗ ಹೇಳಿಸಿದ್ದೆವು. ಹತ್ತಿರ ಹೋಗಿ ನೋಡಿದರೆ ಕಟ್ಟೆಯ ತುಂಬ ದೊಡ್ಡ ದೊಡ್ಡ ದೋಣಿಗಳು. ಯಾವುದೋ ದೋಣಿಗಾರರ ಸಂಘದ ಕೂಟ. ಕಟ್ಟೆಯ ಮೇಲಿದ್ದ ಯುವಕನು ಪುಸ್ತಕವನ್ನು ತಿರುವಿ, ನಮ್ಮ ಹೆಸರು ಅಲ್ಲಿಲ್ಲವೆಂದೂ ತಾನೇನೂ ಮಾಡುವಂತಿಲ್ಲವೆಂದೂ ವಿನಯದಿಂದಲೇ ತಿಳಿಸಿದನು. ವಾದಿಸಿ ಫಲವಿರಲಿಲ್ಲ. ಅಷ್ಟರಲ್ಲಿ ಪಶ್ಚಿಮದ ಬೆಟ್ಟಗಳ ಮೇಲೆ ಕಪ್ಪು ಮೋಡ ಕವಿದು ದೂರದಲ್ಲಿ ಗುಡುಗಿನ ಸದ್ದು ಕೇಳಿಸಿತು. ಆ ಪ್ರದೇಶದಲ್ಲಿ ಬೇಸಿಗೆಯ ಸಂಜೆಯ ಸಿಡಿಲುಮಳೆ ಬಹು ಬೇಗ ಬರುತ್ತದೆ. ಬಯಲು ನೀರಿನ ಮೇಲೆ ಅದಕ್ಕೆ ಸಿಕ್ಕುವುದು ಅಪಾಯಕರ.

ಇಂತಹ ಸಮಯದಲ್ಲಿ ಯಾವುದಾದರೊಂದು ದಡದ ಮರೆಯಲ್ಲಿ ಲಂಗರು ಹಾಕಿ ನಿಲ್ಲಬಾರದೇ ಎಂದು ವಾಚಕರು ಕೇಳಬಹುದು. ನಮಗೂ ಹಾಗೆಯೇ ತೋರಿತ್ತು. ಹಡ್ಸನ್ ನದಿಯ ಈ ಭಾಗದಲ್ಲಿ ಅದು ಸುಲಭವಲ್ಲದಿರುವುದಕ್ಕೆ ಕಾರಣ ರೈಲು. 1851ರಲ್ಲಿ ಪೂರ್ತಿಯಾದ ರೈಲುದಾರಿಯು ಪೂರ್ವದ ದಡವನ್ನು ಹಿಡಿದೇ ಸಾಗುತ್ತದೆ. ದಡದ ಅಂಕುಡೊಂಕುಗಳಿಗೆಲ್ಲ ಅಡ್ಡಲಾಗಿ ಏರಿ ಹಾಕಿ ಕಂಬಿಯನ್ನು ನೇರ ಮಾಡಿದ್ದರಿಂದ, ಹಿಂದೆ ದೋಣಿಗಳಿಗೆ ಆಶ್ರಯವಾಗಿದ್ದ ಎಷ್ಟೋ ಕುಡಗಳು ಏರಿಯ ಹಿಂದೆ ಸಿಕ್ಕಿಬಿದ್ದಿವೆ. ಒಳಹೋಗಲು ಇರುವ ಸೇತುವೆಯ ಕಂಡಿ ತೀರ ತಗ್ಗು. ಒಳಗೆ ಹೂಳು, ಹೂಳಿನ ಮೇಲೆ ಬೇಸಿಗೆಯಲ್ಲಿ ಹಚ್ಚನೆಯ ಜಂಬೆಯಂತೆ ಹಬ್ಬುವ ನೀರುಬಳ್ಳಿ. ಈ ಬಳ್ಳಿಯು ಉತ್ತರ ಹಿಂದೂಸ್ಥಾನದ ಕೆರೆಗಳಲ್ಲಿ ಬೆಳೆದು ತಿನ್ನುವ ಸಿಂಘಾಡಾ ಕಾಯಿಯ ಜಾತಿಯದು. ಅಮೆರಿಕಾಕ್ಕೆ ಹೊರಗಿನಿಂದ ಬಂದು ಈಗ ಅಲ್ಲಿ ಪೀಡೆಯಾಗಿದೆ. ದೋಣಿಯ ಚಕ್ರಕ್ಕೆ ಸುತ್ತಿಕೊಂಡರೆ ಯಂತ್ರ ನಿಂತೇ ಹೋಗುವುದು. ಇನ್ನು ನಡು ಹೊಳೆಯಲ್ಲಿ ಲಂಗರು ಹಾಕೋಣವೆಂದರೆ, ಆಲ್ಬನಿ ಪಟ್ಟಣದವರೆಗೂ ಸಮುದ್ರದ ಹಡಗುಗಳು ಹೋಗುವ 32 ಅಡಿ ಆಳದ ದಾರಿ ಅದು. ಸರಕಿನ ತೆಪ್ಪಗಳನ್ನು ತಳ್ಳುವ ಉಗಿದೋಣಿಗಳ ವಂಶದ ದೊಡ್ಡ ಯಂತ್ರಗಳು ಇರುಳಿನಲ್ಲಿಯೂ ಓಡಾಡುತ್ತವೆ. ಅವುಗಳಿಗೆ ನಮ್ಮಂತಹ ದೋಣಿ ಕಾಣುವುದೂ ಕಷ್ಟ, ಕಂಡರೂ ನಿಲ್ಲುವುದು ಇನ್ನೂ ಕಷ್ಟ.

ಪಟ್ಟಿಯಲ್ಲಿದ್ದ ಎರಡನೆಯ ಸ್ಥಳಕ್ಕೆ ಟೆಲಿಫೋನ್ ಮಾಡಿದರೆ ಯಾರೂ ಉತ್ತರ ಕೊಡಲಿಲ್ಲ. ಮೂರನೆಯದು ಕಿಂಗ್‌ಸ್ಟನ್ ಊರಿನ ರಾಂಡೌಟ್ ಹಳ್ಳ. ಅಲ್ಲಿಗೆ ಇನ್ನೂ ಹತ್ತೊಂಬತ್ತು ಮೈಲಿ. ಅಲ್ಲಿಯ ಕಟ್ಟೆಯ ಮೇಲ್ವಿಚಾರಕಿಯು ಕೂಡಲೇ ಮಾತಿಗೆ ಸಿಕ್ಕಿ, ಕೇಳಿದ ಪ್ರಶ್ನೆಗಳು ನಾಲ್ಕು: ಎಷ್ಟು ಉದ್ದ, ನೀರಿನೊಳಗೆ ಎಷ್ಟು ಆಳ, ಎಷ್ಟು ಜನ, ಎಷ್ಟು ಹೊತ್ತಿಗೆ ತಲಪುವಿರಿ. “ಒಳಗಡೆಯ ಕಟ್ಟೆಯಲ್ಲಿ ಇಪ್ಪತ್ತೈದು ಅಡಿ ಜಾಗವಿದೆ. ಏಳು ಗಂಟೆಗೆ ನನ್ನ ಕೋಣೆ ಮುಚ್ಚುತ್ತದೆ, ಮಗು ಇದೆಯೆಂದಿರಿ, ನೀವು ಬರುವತನಕ ಇರುತ್ತೇನೆ” ಎಂದರು. ಕಾಣದ ಊರಿನಿಂದ ಬಂದ ಆ ಮಾತು ನಮಗೆ ಎಷ್ಟು ಸಮಾಧಾನ ತಂದಿತೆಂಬುದನ್ನು ಬರೆದು ತಿಳಿಸಲಾರೆವು.

ಪೋಕಿಪ್ಸಿಯ ಎರಡು ಸೇತುವೆಗಳ ಕೆಳಗೆ ಹಾದೆವು. ಅವುಗಳಲ್ಲೊಂದು 1889ರಲ್ಲಿ ರೈಲಿಗಾಗಿ ಕಟ್ಟಿದುದು. ನೀರಿನಿಂದ 212 ಅಡಿ ಎತ್ತರ. ರೈಲು ನಿಂತು ಎಷ್ಟೋ ಕಾಲ ಪಾಳುಬಿದ್ದಿದ್ದ ಅದನ್ನು 2009ರಿಂದ ಜನ ನಡೆದಾಡುವ ದಾರಿಯನ್ನಾಗಿ ಮಾಡಿದ್ದಾರೆ. ಬೇರೆ ದಿವಸವಾಗಿದ್ದರೆ ನಿಂತು ನೋಡುತ್ತಿದ್ದೆವು. ಈಗ ಹುಡುಗಿಯನ್ನೂ ನಮ್ಮ ಮನೆಯವರನ್ನೂ ಒಳಗಿನ ಗೂಡಿನಲ್ಲಿ ಕೂಡಿಸಿ, ಮೇಲಿನ ಸಾಮಾನನ್ನೆಲ್ಲ ಹಗ್ಗದಿಂದ ಬಿಗಿದು, ಮೋಡವನ್ನು ನೋಡುತ್ತ ನಡೆದೆವು. ಗಾಳಿ ಉತ್ತರದಿಂದ ಎದ್ದಿತು. ಭರತದ ನೀರು ಉತ್ತರಕ್ಕೆ ಏರುತ್ತಿರುವಾಗ ಗಾಳಿ ಎದುರಿನಿಂದ ಬೀಸಿದರೆ ಅಲೆಗಳು ಗಿಡ್ಡವಾಗಿ ನಿಮಿರಿ ನಿಲ್ಲುತ್ತವೆ. ಸಣ್ಣ ದೋಣಿಯ ಮೂಗು ಒಂದೊಂದು ಅಲೆಗೂ ಎದ್ದು ಬೀಳುತ್ತದೆ. ಸೋದರಳಿಯನು ವೇಗವನ್ನು ಅರ್ಧಕ್ಕಿಳಿಸಿದನು. ಅವಸರದ ಹೊತ್ತಿನಲ್ಲಿ ನಿಧಾನವಾಗಿ ಹೋಗಬೇಕಾದುದು ಮನಸ್ಸಿಗೆ ದೊಡ್ಡ ಪರೀಕ್ಷೆ.

ಆಗ ಪಶ್ಚಿಮದ ದಡದ ಕಡೆ ನೀರಿನ ನಡುವೆ ಒಂದು ಬಿಳಿಯ ಮನೆ ಕಾಣಿಸಿತು. ಅದು 1871ರಲ್ಲಿ ಕಟ್ಟಿದ ಈಸೋಪಸ್ ಹುಲ್ಲುಗಾವಲಿನ ದೀಪಸ್ತಂಭ. ನೀರಿಗೆ ಹುಲ್ಲುಗಾವಲೆಂಬ ಹೆಸರೇಕೆಂದರೆ, ಹಿಂದೆ ಇಳಿತದ ಹೊತ್ತಿನಲ್ಲಿ ಅಲ್ಲಿ ದನಗಳು ಮೇಯುತ್ತಿದ್ದವಂತೆ. ದೀಪದ ಪಶ್ಚಿಮಕ್ಕೆ ಹೋದವನು ಕೆಸರಿನಲ್ಲಿ ಕೂಡುವನು. ಹಡಗಿನ ದಾರಿ ಅದರ ಪೂರ್ವಕ್ಕೆ. ನೀರಿನ ಮೇಲಿನ ತೇಲುಗುರುತುಗಳಿಗೂ ಒಂದು ನಿಯಮವಿದೆ: ಸಮುದ್ರದಿಂದ ಮೇಲಕ್ಕೆ ಹೋಗುವವನು ಕೆಂಪನ್ನು ಬಲಕ್ಕೂ ಹಸಿರನ್ನು ಎಡಕ್ಕೂ ಇಟ್ಟುಕೊಳ್ಳಬೇಕು. ಮಬ್ಬಿನಲ್ಲಿ ಗುರುತುಗಳನ್ನು ಮೊದಲು ಕಂಡು ಹೇಳುವ ಕೆಲಸ ನಮ್ಮದಾಯಿತು. “ಕೆಂಪು, ಬಲಕ್ಕೆ” ಎಂದು ನಾವು ಕೂಗುವುದು, “ಸರಿ, ಮಾವ” ಎಂದು ಅವನು ಹೇಳುವುದು—ಹೀಗೆ ಕೊನೆಯ ನಾಲ್ಕು ಮೈಲಿ ಕಳೆಯಿತು.

ರಾಂಡೌಟ್ ಹಳ್ಳದ ಬಾಯಲ್ಲಿ ಎರಡು ಕಲ್ಲುಗೋಡೆಗಳು ಕೈಚಾಚಿದಂತೆ ಹೊಳೆಯೊಳಕ್ಕೆ ಬಂದಿವೆ. ಅಲ್ಲಿಯೂ ಒಂದು ದೀಪದ ಮನೆ. ಆ ಗೋಡೆಗಳ ನಡುವೆ ನುಗ್ಗಿದೊಡನೆ ಅಲೆಗಳು ಅಡಗಿ, ನೀರು ಕಲ್ಯಾಣಿಯ ನೀರಿನಂತಾಯಿತು. ಒಂದೇ ನಿಮಿಷದಲ್ಲಿ ಆದ ಈ ಬದಲಾವಣೆಯನ್ನು ಕಂಡವನಿಗೆ ಬಂದರೆಂಬ ಮಾತಿನ ಅರ್ಥ ಹೇಳಿಕೊಡಬೇಕಾಗಿಲ್ಲ. ಕಟ್ಟೆಯ ಮೇಲೆ ಮೇಲ್ವಿಚಾರಕಿಯು ನಿಂತಿದ್ದರು. ಅಕ್ಕಪಕ್ಕದ ದೋಣಿಗಳಿಂದ ಇಬ್ಬರು ಮುದುಕರು, ಯಾರೂ ಕರೆಯದೆ, ಕೈಯಲ್ಲಿದ್ದ ಊಟದ ತಟ್ಟೆಯನ್ನು ಬದಿಗಿಟ್ಟು ಬಂದು ನಮ್ಮ ಹಗ್ಗಗಳನ್ನು ಹಿಡಿದರು. ಬರುವ ದೋಣಿಯ ಹಗ್ಗ ಹಿಡಿಯುವುದು ಅಲ್ಲಿಯವರ ಸಂಪ್ರದಾಯ. ಜಾತಿ ದೇಶಗಳನ್ನು ಕೇಳಿ ಆಮೇಲೆ ಕೈಚಾಚುವುದಿಲ್ಲ. ಕೊನೆಯ ಗಂಟು ಬಿಗಿಯುವ ಹೊತ್ತಿಗೆ ಮಳೆಯ ಮೊದಲ ಹನಿಗಳು ಬಿದ್ದವು. ಮುಂದಿನ ಒಂದು ಗಂಟೆ ಹೊಳೆಯ ಮೇಲೆ ಸಿಡಿಲು ಬಡಿಯುತ್ತಿದ್ದುದನ್ನು ಕಿತ್ತಾನಿನ ಮರೆಯಿಂದ ನೋಡಿದೆವು. ನಮ್ಮ ಮನೆಯವರು ಕಟ್ಟೆಯ ವಿದ್ಯುತ್ತಿಗೆ ತಂತಿ ಸೇರಿಸಿದ ಸಣ್ಣ ಒಲೆಯ ಮೇಲೆ ಉಪ್ಪಿಟ್ಟು ಮಾಡಿದರು. ಹಗ್ಗ ಹಿಡಿದ ಮುದುಕರಿಗೂ ಒಂದೊಂದು ಬಟ್ಟಲು ಹೋಯಿತು. ಅವರು ಸಾಸಿವೆ ಕರಿಬೇವುಗಳನ್ನು ಕುತೂಹಲದಿಂದ ನೋಡಿ, ತಿಂದು, ಮತ್ತೊಮ್ಮೆ ಬಟ್ಟಲನ್ನು ಚಾಚಿದರು.

ಬೆಳಿಗ್ಗೆ ಎದ್ದು ನೋಡಿದರೆ ನಿನ್ನೆಯ ಮಳೆಯ ಗುರುತೇ ಇಲ್ಲದ ತಿಳಿಬಿಸಿಲು. ರಾಂಡೌಟ್ ಒಂದು ಕಾಲದಲ್ಲಿ ಬಹಳ ಗದ್ದಲದ ರೇವು. ಪೆನ್ಸಿಲ್ವೇನಿಯಾದ ಕಲ್ಲಿದ್ದಲನ್ನು ಹಡ್ಸನ್ನಿಗೆ ತರುವುದಕ್ಕಾಗಿ 1828ರಲ್ಲಿ ತೆರೆದ ಕಾಲುವೆಯು ಇಲ್ಲಿಗೇ ಬಂದು ಮುಗಿಯುತ್ತಿತ್ತು. ರೈಲು ಬಂದು ಕಾಲುವೆಯ ಕಾಲ ಹೋಯಿತು. ಈಗ ಗೋದಾಮುಗಳಿದ್ದ ಬೀದಿಯಲ್ಲಿ ಹೋಟೆಲುಗಳೂ, 1980ರಲ್ಲಿ ಸ್ಥಾಪಿತವಾದ ನದಿಯಾನದ ವಸ್ತುಸಂಗ್ರಹಾಲಯವೂ ಇವೆ. ಹೊರಡುವ ಮೊದಲು ಪೆಟ್ರೋಲ್ ತುಂಬಿಸಿದೆವು. ಇನ್ನೊಂದು ಕೆಲಸವೂ ಇತ್ತು. ದೋಣಿಯ ಶೌಚದ ತೊಟ್ಟಿಯನ್ನು ಹೊಳೆಗೆ ಬರಿದುಮಾಡುವುದು ಈ ನದಿಯಲ್ಲಿ ನಿಷಿದ್ಧ. ಮರೀನಾದಲ್ಲಿರುವ ಕೊಳವೆಯ ಯಂತ್ರದಿಂದಲೇ ತೆಗೆಸಬೇಕು. ಐವತ್ತು ಅರವತ್ತು ವರ್ಷಗಳ ಹಿಂದೆ ಈ ಹೊಳೆ ಊರುಗಳ ಕೊಳೆಯಿಂದಲೂ ಕಾರ್ಖಾನೆಗಳ ವಿಷದಿಂದಲೂ ಹೊಲಸಾಗಿತ್ತು. ಪೀಟ್ ಸೀಗರ್ ಎಂಬ ಪ್ರಸಿದ್ಧ ಹಾಡುಗಾರನು ಮುಂತಾದವರು 1969ರಲ್ಲಿ ‘ಕ್ಲಿಯರ್‌ವಾಟರ್’ ಎಂಬ ಹಾಯಿದೋಣಿಯನ್ನು ನೀರಿಗಿಳಿಸಿ ಊರೂರಿಗೆ ಹೋಗಿ ಜನರನ್ನು ಎಚ್ಚರಿಸಿದರು. 1972ರಲ್ಲಿ ದೇಶಕ್ಕೆಲ್ಲ ನೀರಿನ ಶುದ್ಧಿಯ ಕಾನೂನು ಬಂದಿತು. ಹೊಳೆ ಪೂರ್ತಿಯಾಗಿ ಗುಣವಾಗಿದೆಯೆಂದು ಹೇಳುವಂತಿಲ್ಲ; ಅದರ ಮೀನನ್ನು ತಿನ್ನುವುದಕ್ಕೆ ಇಂದಿಗೂ ನಿಬಂಧನೆಗಳಿವೆ. ಆದರೂ ಪೋಕಿಪ್ಸಿಯೇ ಮೊದಲಾದ ಊರುಗಳು ಈ ನೀರನ್ನೇ ಶೋಧಿಸಿ ಕುಡಿಯುತ್ತವೆ.

ಎರಡನೆಯ ದಿವಸದ ದಾರಿ ಗಿಡ್ಡ. ಇಪ್ಪತ್ತು ಮೈಲಿಗೆ ಸ್ವಲ್ಪ ಹೆಚ್ಚು. ಸಾಗರ್ಟೀಸ್ ಊರಿನ ಹಳ್ಳದ ಬಾಯಲ್ಲಿ 1869ರ ಇಟ್ಟಿಗೆಯ ದೀಪದ ಮನೆಯನ್ನು ಕಂಡೆವು. ಅದಕ್ಕೆ ಸ್ವಲ್ಪ ಮೇಲೆ, ಪೂರ್ವದ ದಡದಲ್ಲಿ ಕ್ಲೆರ್ಮಾಂಟ್ ಎಂಬ ಹಳೆಯ ಜಮೀನುದಾರಿ ಮನೆಯಿದೆ. 1807ರಲ್ಲಿ ರಾಬರ್ಟ್ ಫುಲ್ಟನ್ ತನ್ನ ಉಗಿಹಡಗನ್ನು ನ್ಯೂಯಾರ್ಕಿನಿಂದ ಆಲ್ಬನಿಗೆ 32 ಗಂಟೆಗಳಲ್ಲಿ ನಡೆಸಿದನೆಂದು ಮಕ್ಕಳ ಪಾಠದಲ್ಲಿ ಓದುತ್ತೇವೆ. ಆ 32 ಗಂಟೆಗಳು ಯಂತ್ರ ನಡೆದ ಹೊತ್ತು ಮಾತ್ರ. 24 ಗಂಟೆ ನಡೆದ ಮೇಲೆ ಹಡಗು ಕ್ಲೆರ್ಮಾಂಟಿನಲ್ಲಿ, ಫುಲ್ಟನ್ನನ ಪಾಲುಗಾರನಾದ ಲಿವಿಂಗ್‌ಸ್ಟನ್ನನ ಮನೆಯ ಕಟ್ಟೆಯಲ್ಲಿ, ರಾತ್ರಿ ತಂಗಿ ಮರುದಿನ ಉಳಿದ 8 ಗಂಟೆಯ ದಾರಿಯನ್ನು ಮುಗಿಸಿತು. ಆ ಹೊಳೆಯ ಮೊದಲ ಯಂತ್ರದ ಹಡಗಿಗೂ ರಾತ್ರಿಯ ಬಿಡಾರ ಬೇಕಾಗಿದ್ದಿತೆಂದು ತಿಳಿದು ನಮಗೆ ಒಂದು ಬಗೆಯ ಸಂತೋಷವಾಯಿತು.

ಆ ರಾತ್ರಿ ಕ್ಯಾಟ್‌ಸ್ಕಿಲ್ ಹಳ್ಳದಲ್ಲಿ ತಂಗಿದೆವು. ಕಿಂಗ್‌ಸ್ಟನ್ನಿನಿಂದ ಮೇಲೆ ಪಶ್ಚಿಮದ ರೈಲು ಹೊಳೆಯನ್ನು ಬಿಟ್ಟು ಒಳನಾಡಿಗೆ ಹೋಗುವುದರಿಂದ, ಆ ಕಡೆಯ ಹಳ್ಳಗಳ ಬಾಯಿ ದೋಣಿಗಳಿಗೆ ತೆರೆದಿದೆ. ರಾತ್ರಿಯ ನಿದ್ರೆಯೂ ಕೆಡುವುದಿಲ್ಲ. ಹಳ್ಳದ ಮೇಲಿನ ಊರಿನಲ್ಲಿ ಥಾಮಸ್ ಕೋಲ್ ಎಂಬ ಚಿತ್ರಕಾರನು ವಾಸವಾಗಿದ್ದು 1848ರಲ್ಲಿ ತೀರಿಕೊಂಡನು. ಈ ಹೊಳೆಯ, ಈ ಬೆಟ್ಟಗಳ ಬೆಳಕನ್ನು ಬರೆದು ಒಂದು ಚಿತ್ರಸಂಪ್ರದಾಯಕ್ಕೇ ಆತನು ಮೂಲನಾದನು. ನಾವು ಕಲಿತ ಪಾಠ ಚಿತ್ರಕಲೆಯದಲ್ಲ, ಹಗ್ಗದ್ದು. ಮರೀನಾಗಳಲ್ಲಿ ಕಟ್ಟೆಗಳು ಎರಡು ಬಗೆ. ಒಂದು ತೇಲುವ ಕಟ್ಟೆ. ನೀರು ಏರಿದರೆ ದೋಣಿಯೊಡನೆ ತಾನೂ ಏರುವುದು. ಇನ್ನೊಂದು ಕಂಬ ನೆಟ್ಟು ಕಟ್ಟಿದ ಸ್ಥಿರವಾದ ಕಟ್ಟೆ. ದೋಣಿ ನಾಲ್ಕು ಅಡಿ ಏರಿದರೂ ಅದು ಕದಲದು. ನಮಗೆ ದೊರೆತದ್ದು ಎರಡನೆಯದು. ಇಳಿತದ ಹೊತ್ತಿನಲ್ಲಿ ಕಟ್ಟಿದ ದೋಣಿಗೆ ಹಗ್ಗವನ್ನು ಬಿಗಿಯಾಗಿ ಬಿಟ್ಟರೆ, ನಡುರಾತ್ರಿಯ ಭರತಕ್ಕೆ ದೋಣಿ ಏರಲಾರದೆ ಒಂದು ಕಡೆಗೆ ವಾಲುತ್ತದೆ. ತೀರ ಸಡಿಲ ಬಿಟ್ಟರೆ ತೇಲಿಹೋಗಿ ಪಕ್ಕದ ದೋಣಿಗೆ ತಾಗುತ್ತದೆ. ಮುಂದಿನ ಹಗ್ಗವನ್ನು ಹಿಂದಕ್ಕೂ ಹಿಂದಿನದನ್ನು ಮುಂದಕ್ಕೂ ಓರೆಯಾಗಿ, ಉದ್ದವಾಗಿ ಕಟ್ಟುವುದು ಇದಕ್ಕೆ ಉಪಾಯ. ಆದರೂ ಸೋದರಳಿಯನು ರಾತ್ರಿ ಹನ್ನೆರಡಕ್ಕೆ ಎದ್ದು ದೀಪ ಹಿಡಿದು ಹಗ್ಗಗಳನ್ನು ಮುಟ್ಟಿ ನೋಡಿ ಮಲಗಿದನು. ಕರುಕಟ್ಟಿದ ಹಗ್ಗವನ್ನು ರಾತ್ರಿ ಒಮ್ಮೆ ನೋಡಿ ಬರುವ ನಮ್ಮ ಹಳ್ಳಿಯ ಒಕ್ಕಲಿಗನ ನೆನಪಾಯಿತು.

ಮೂರನೆಯ ದಿವಸ ಅಥೆನ್ಸ್ ಊರಿನ ಎದುರಿಗೆ ನಡುಹೊಳೆಯಲ್ಲಿ ನಿಂತ 1874ರ ದೀಪದ ಮನೆಯನ್ನು ದಾಟಿ, ಆಲ್ಬನಿ ಪಟ್ಟಣದ ಎತ್ತರದ ಕಟ್ಟಡಗಳನ್ನು ನೋಡುತ್ತ ಟ್ರಾಯ್ ಅಣೆಕಟ್ಟನ್ನು ಸೇರಿದೆವು. ಇಲ್ಲಿಗೆ ಸಮುದ್ರದ ಅಧಿಕಾರ ಮುಗಿಯಿತು. ಅಣೆಕಟ್ಟಿನ ಪಕ್ಕದಲ್ಲಿ ಕಲ್ಲಿನ ದೊಡ್ಡ ತೊಟ್ಟಿಯಿದೆ. ದೋಣಿ ಒಳಹೊಕ್ಕ ಮೇಲೆ ಬಾಗಿಲು ಮುಚ್ಚಿ ನೀರು ತುಂಬಿಸುತ್ತಾರೆ. ಎರಡಾಳಿಗಿಂತಲೂ ಹೆಚ್ಚು ಎತ್ತರವನ್ನು ದೋಣಿ ಸದ್ದಿಲ್ಲದೆ ಏರಿತು. “ಅಜ್ಜಿ, ನಾವು ಮೇಲೆ ಹೋದೆವೋ, ಗೋಡೆ ಕೆಳಗೆ ಹೋಯಿತೋ?” ಎಂದು ಹುಡುಗಿ ಕೇಳಿದಳು. ಅಲ್ಲಿಂದ ಮೂರು ಮೈಲಿಗೆ ವಾಟರ್‌ಫರ್ಡ್. ಮೊಹಾಕ್ ನದಿ ಹಡ್ಸನ್ನನ್ನು ಕೂಡುವ ಈ ಊರೇ ಈಗಿನ ಈರಿ ಕಾಲುವೆಯ ಪೂರ್ವದ ಬಾಗಿಲು. 1825ರಲ್ಲಿ ಮೊದಲ ಬಾರಿ ತೆರೆದಾಗ 363 ಮೈಲಿ ಉದ್ದವಿದ್ದ ಆ ಕಾಲುವೆಯು ಒಳನಾಡಿನ ಸರೋವರಗಳನ್ನು ಸಮುದ್ರಕ್ಕೆ ಸೇರಿಸಿತು. ವಾಟರ್‌ಫರ್ಡಿನಲ್ಲಿ ಒಂದರ ಮೇಲೊಂದು ಐದು ತೊಟ್ಟಿಗಳು ಒಂದೂವರೆ ಮೈಲಿಯೊಳಗೆ ದೋಣಿಯನ್ನು 169 ಅಡಿ ಮೇಲಕ್ಕೆತ್ತುತ್ತವೆ. ನಾವು ಅವುಗಳ ಬುಡದಲ್ಲಿ, ಊರವರು ದಾರಿಹೋಕರಿಗಾಗಿ ಇರಿಸಿರುವ ತೇಲುಕಟ್ಟೆಯಲ್ಲಿ ತಂಗಿದೆವು. ಭರತವಿಲ್ಲ, ಹಡಗಿನ ಅಲೆಯಿಲ್ಲ. ಅಂಗಡಿಬೀದಿ ನಾಲ್ಕು ಹೆಜ್ಜೆ. ನ್ಯೂಯಾರ್ಕಿನಿಂದ ಬಂದವರು, ಕೆನಡಾಕ್ಕೆ ಹೋಗುವವರು, ಒಂದು ವರ್ಷ ದೋಣಿಯಲ್ಲಿಯೇ ಸಂಸಾರ ಹೂಡಿದವರು—ಎಲ್ಲರೂ ಸಂಜೆ ಕಟ್ಟೆಯ ಮೇಲೆ ಕುಳಿತು ಮಾತನಾಡುತ್ತಿದ್ದ ವಿಷಯ ಒಂದೇ: ನಾಳೆಯ ರಾತ್ರಿ ಎಲ್ಲಿ?

ಹಿಂದಿರುಗುವ ದಾರಿಯನ್ನು ವಿಸ್ತರಿಸುವುದಿಲ್ಲ. ಕಿಂಗ್‌ಸ್ಟನ್ನಿನಲ್ಲಿ ಮತ್ತೊಂದು ರಾತ್ರಿ ಕಳೆದು ಐದನೆಯ ದಿವಸ ಕ್ಷೇಮವಾಗಿ ಹ್ಯಾವರ್‌ಸ್ಟ್ರಾ ಸೇರಿದೆವು. ಮುಂದೆ ಈ ಹೊಳೆಯಲ್ಲಾಗಲಿ, ಬೇರೆ ಹೊಳೆಯಲ್ಲಾಗಲಿ ಹೀಗೆ ಹೋಗಬೇಕೆಂದಿರುವವರಿಗೆ ನಮಗೆ ತಿಳಿದಷ್ಟನ್ನು ಹೇಳುವೆವು. ದಿವಸದ ದಾರಿಯನ್ನು ದೋಣಿಯ ವೇಗದಿಂದ ಅಳೆಯಬಾರದು. ರಾತ್ರಿಯ ತಾಣದಿಂದ ಹಿಂದಕ್ಕೆ ಎಣಿಸಬೇಕು. ಸೂರ್ಯಾಸ್ತಕ್ಕೆ ಮೂರು ಗಂಟೆ ಮೊದಲೇ ತಾಣವನ್ನು ಸೇರುವಂತೆ ಹೊರಟರೆ, ಅಲ್ಲಿ ಜಾಗವಿಲ್ಲವಾದರೂ ಮುಂದಿನದಕ್ಕೆ ಹೋಗಲು ಬೆಳಕು ಉಳಿದಿರುತ್ತದೆ. ಪ್ರತಿ ರಾತ್ರಿಗೂ ಮೂರು ಹೆಸರುಗಳಿರಲಿ. ಹೊರಡುವ ದಿನ ಬೆಳಿಗ್ಗೆ ಮತ್ತೊಮ್ಮೆ ಕೇಳಿ, ಮಾತನಾಡಿದವರ ಹೆಸರನ್ನು ಬರೆದುಕೊಳ್ಳಬೇಕು. ಇಳಿತದ ಹೊತ್ತಿನಲ್ಲಿ ಕಟ್ಟೆಯ ಬಳಿ ಎಷ್ಟು ಆಳವಿರುತ್ತದೆ, ಕಟ್ಟೆ ತೇಲುವುದೋ ಸ್ಥಿರವೋ, ಹೊಳೆಗೆ ತೆರೆದಿದೆಯೋ ಹಳ್ಳದ ಒಳಗಿದೆಯೋ, ಪೆಟ್ರೋಲ್ ಕಟ್ಟೆ ಎಷ್ಟು ಗಂಟೆಗೆ ಮುಚ್ಚುತ್ತದೆ—ಈ ನಾಲ್ಕು ಪ್ರಶ್ನೆಗಳನ್ನು ಬಾಡಿಗೆಯ ಮಾತಿಗಿಂತ ಮೊದಲು ಕೇಳಬೇಕು. ಮೇಲಕ್ಕೆ ಹೋಗುವಾಗ ಭರತದೊಡನೆ ಹೊರಟರೆ ಪೆಟ್ರೋಲೂ ಉಳಿಯುವುದು, ಹೊತ್ತೂ ಉಳಿಯುವುದು. ತೊಟ್ಟಿಯ ಮೂರನೆಯ ಪಾಲಿಗೆ ಕೈಹಾಕಬಾರದು.

ನಮ್ಮ ಪೂರ್ವಿಕರು ಪುಣ್ಯಕ್ಕೆಂದು ದಾರಿಯ ಮಗ್ಗುಲಲ್ಲಿ ಸಾಲುಮರ, ಬಾವಿ, ಛತ್ರಗಳನ್ನು ಮಾಡಿಸಿದರು. ಹೊರೆ ಹೊತ್ತವನಿಗಾಗಿ ಎದೆಯೆತ್ತರದ ಕಲ್ಲನ್ನೂ ನಿಲ್ಲಿಸಿದರು. ಹೊರೆಯನ್ನು ಇಳಿಸುವುದಕ್ಕೂ ಮತ್ತೆ ಎತ್ತಿಕೊಳ್ಳುವುದಕ್ಕೂ ಅನುಕೂಲವಾಗಲೆಂದು ಅಷ್ಟು ಯೋಚಿಸಿದವರು ಪ್ರಯಾಣಿಕನ ಕಷ್ಟವನ್ನು ಚೆನ್ನಾಗಿ ಬಲ್ಲವರೇ ಇರಬೇಕು. ರಾಂಡೌಟಿನ ಕಟ್ಟೆಯಲ್ಲಿ ಬಾಗಿಲು ಹಾಕುವ ಹೊತ್ತು ಮೀರಿದರೂ ನಮಗಾಗಿ ಕಾದು ನಿಂತ ಆ ತಾಯಿಯೂ ಅದೇ ವರ್ಗಕ್ಕೆ ಸೇರಿದವರು. ಮರುದಿನ ಬೆಳಿಗ್ಗೆ ಬಾಡಿಗೆಯ ಹಣ ಕೊಡಲು ಹೋದಾಗ ಅವರು ಅಳತೆಯ ಪಟ್ಟಿಯನ್ನು ನೋಡಿ, 22 ಅಡಿಗೆ ತಕ್ಕಷ್ಟನ್ನು ಮಾತ್ರ ಬರೆದುಕೊಂಡು, ಕಾದ ಹೊತ್ತಿಗೆ ಏನನ್ನೂ ಸೇರಿಸದೆ ರಸೀದಿ ಕೊಟ್ಟರು. ಆ ರಸೀದಿಯ ಬೆನ್ನಿನ ಮೇಲೆ, ಕೇಳದಿದ್ದರೂ, ಕ್ಯಾಟ್‌ಸ್ಕಿಲ್ಲಿನಲ್ಲಿ ಆ ದಿವಸ ಜಾಗವಿದ್ದ ಮೂರು ಕಟ್ಟೆಗಳ ಹೆಸರನ್ನು ತಮ್ಮ ಕೈಯಿಂದಲೇ ಬರೆದಿದ್ದರು.